ಲಂಗರು ಹಾಕಿದ ಜಾಗ

ಅಮ್ಮನಿಗೆ ದೋಣಿ ಹತ್ತುವ ಹಕ್ಕಿರಲಿಲ್ಲ. ಮೀನಿಗೆ ಹೋಗುವ ದೋಣಿಗೆ ನಮ್ಮಲ್ಲಿ ಹೆಂಗಸರು ಕಾಲಿಡುತ್ತಿರಲಿಲ್ಲ. ಹಾಗಾಗಿ ನನ್ನ ಅಣ್ಣ ಶೀನ ಮುಳುಗಿದ ಜಾಗವನ್ನು ಅವಳು ಕಂಡೇ ಇರಲಿಲ್ಲ.

ಆ ದಿನ ಅಣ್ಣನೂ ಅಪ್ಪನೂ ಒಂದೇ ದೋಣಿಯಲ್ಲಿದ್ದರು. ಬೆಳಗಿನ ಜಾವ ದೋಣಿ ಮಗುಚಿತು. ಅಪ್ಪ ಹಲಗೆಯೊಂದನ್ನು ಅವುಚಿಕೊಂಡು ಮಧ್ಯಾಹ್ನಕ್ಕೆ ದಡ ಸೇರಿದ. ಅವನು ಹಿಡಿದಿದ್ದ ಅಣ್ಣನ ಕೈ ದಾರಿಯಲ್ಲೇ ಬಿಟ್ಟುಹೋಗಿತ್ತು. "ಬಾಳ ಹೊರಗಿದ್ವು. ಗುಡ್ಡದ ತಲೆ ಮಾತ್ರ ಕಾಣ್ತಿತ್ತು. ಒಬ್ರನ್ನ ಎಳ್ಕಂಡ್ ಬಪ್ಪ ದೂರ ಅಲ್ಲ ಅದು," ಎಂದು ಅಪ್ಪ ಒಮ್ಮೆ ಹೇಳಿದ. ಅಮ್ಮ ನಂಬಿದಳು.

ಆಮೇಲೆ ಪಕ್ಕದ ಬಂದರಿಗೆ ಪ್ರವಾಸಿಗರನ್ನು ವಿಹಾರಕ್ಕೆ ಒಯ್ಯುವ ಯಾಟ್ ಒಂದು ಬಂತು. ಅದರಲ್ಲಿ ಬಲೆಯಿಲ್ಲ, ಮೀನಿನ ನಾತವಿಲ್ಲ. ನಮ್ಮ ಕಟ್ಟಳೆ ಅದಕ್ಕೆ ತಾಗುವುದಿಲ್ಲವೆಂದು ಅಮ್ಮನೇ ತೀರ್ಮಾನಿಸಿದಳು. ಒಂದು ರಾತ್ರಿ ಅಣ್ಣ ಮುಳುಗಿದಲ್ಲಿ ನಿಂತು, ಅವನು ಹೋದ ಹೊತ್ತಿಗೆ ಆ ನೀರು ನೋಡಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಯಾಟ್ ನಡೆಸುವ ಆಲ್ಬನ್ ತಮಾಷೆಯ ಮನುಷ್ಯ. "ಹತ್ತಿ ಅಮ್ಮಾ. ಇದನ್ನ ಕಂಡ್ರೆ ಮೀನೂ ನಗಾಡ್ತದೆ," ಎಂದ. ಅಮ್ಮ ನಕ್ಕಳು, ಬಹಳ ಕಾಲದ ಮೇಲೆ.

ಅಮ್ಮ, ಅಪ್ಪ, ನಾನು ಹೊರಟ ಮೇಲೆ ಗಾಳಿ ಎದ್ದಿತು. ಅಮ್ಮ ವಾಂತಿ ಮಾಡಿಕೊಂಡು ಕಂಬಿ ಹಿಡಿದು ಕೂತಳು. ಸಂಜೆ ನಮ್ಮೂರಿನೆದುರು ಆಲ್ಬನ್ ಇಂಜಿನ್ ನಿಲ್ಲಿಸಿದ. "ಇನ್ನು ಹೊರಗೆ ಹೋದ್ರೆ ನನ್ನ ಲಂಗರು ನೆಲ ಮುಟ್ಟುದಿಲ್ಲ ಮಾರಾಯ್ರೆ. ರಾತ್ರಿ ನಿಲ್ಲುದಾದ್ರೆ ಇಲ್ಲೇ."

ಅಮ್ಮ ತಲೆಯೆತ್ತಿ ಅಪ್ಪನನ್ನು ಕೇಳಿದಳು: "ಇಲ್ಲೇ ಅಲ್ದಾ?"

ಗುಡ್ಡ ಬುಡದವರೆಗೂ ಕಾಣುತ್ತಿತ್ತು. ಜಾಗ ಇದಲ್ಲವೆಂದು ನನಗೂ ತಿಳಿಯಿತು. ಅಪ್ಪ ಅವಳ ಬಿಳಿಚಿದ ಮುಖ ನೋಡಿದ. "ಹ್ಞೂಂ. ಇಲ್ಲೇ."

ಬೆಳಕು ಹರಿಯುವಾಗ ಅಲೆ ತಗ್ಗಿತ್ತು. ಅಮ್ಮ ಸೆರಗಿನ ಗಂಟು ಬಿಚ್ಚಿ, ಅಣ್ಣನಿಗೆ ಇಷ್ಟವಾಗಿದ್ದ ಹುರಿಗಡಲೆಯನ್ನು ನೀರಿಗೆ ಬಿಟ್ಟಳು. ಆಮೇಲೆ ದಡದತ್ತ ತಿರುಗಿದಳು. ಮನೆಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿತ್ತು. ಎಲ್ಲೋ ನಾಯಿ ಬೊಗಳಿತು.

"ನಾಯಿ ಕೂಗುದೂ ಕೇಳ್ತದೆ," ಎಂದಳು. ಅಪ್ಪನತ್ತ ತಿರುಗಿ ಕೇಳಿದಳು: "ಇಷ್ಟ್ ಹತ್ರವಾ? ಇಷ್ಟ್ ಹತ್ರ ಇದ್ದೂ ಅವ್ನನ್ನ ಬಿಟ್ಟ್ ಬಂದ್ರ್ಯಾ?"

ಅಪ್ಪ ಎದ್ದು ಅವಳ ಹತ್ತಿರ ಬಂದ. ನಾನೇ ಹೇಳಿದೆ: "ಅಮ್ಮಾ, ಜಾಗ ಇದಲ್ಲ. ನಿಂಗೆ ಸಮಾಧಾನ ಆಗ್ಲಿ ಅಂತ ಅಪ್ಪ..."

"ನಿಂಗೂ ಹೇಳ್ಕೊಟ್ರಾ?"

ಅಪ್ಪ ಆಲ್ಬನ್‌ನ ತೋಳು ಹಿಡಿದ. "ಇನ್ನೂ ಹೊರಗೆ ಹೋಪ. ನಾ ತೋರಿಸ್ತೆ."

"ಬ್ಯಾಡ," ಎಂದಳು ಅಮ್ಮ. "ಇನ್ನೆಲ್ಲಿ ತೋರ್ಸಿರೂ ಅದೂ ನೀರೇ."

ಲಂಗರು ಎತ್ತಿದೆವು. ಆಮೇಲೂ ಅವಳು ಅಪ್ಪನಿಗೆ ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಮಾತಾಡಲಿಲ್ಲ. ಅಪ್ಪ ಜಗಲಿಯಲ್ಲಿ ಮಲಗತೊಡಗಿದ, ಮೀನಿಗೆ ಹೋಗುವುದನ್ನೂ ಬಿಟ್ಟ. ಸಮುದ್ರಕ್ಕೆ ಹೋದವನು ಒಬ್ಬ. ನಮ್ಮ ಮನೆಗೆ ಇಲ್ಲವಾದವರು ಮೂವರು.