ತಗ್ಗಿನ ಹುಲ್ಲು

ಎಣ್ಣೆಮಿಲ್ಲಿನ ಮುರುಗೇಂದ್ರಪ್ಪನಿಗೆ ಎರಡು ಸಾವಿರದ ಒಂದನೇ ಇಸವಿಯ ಕಾರ್ತಿಕದಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು, ಅದೂ ಒಬ್ಬ ಪೊಲೀಸ್ ಹೆಣ್ಣುಮಗಳ ಮೇಲೆ. ರಾಜ್ಯಮಟ್ಟದ ರೈಫಲ್ ಸ್ಪರ್ಧೆಗೆ ಜಿಲ್ಲೆಯಿಂದ ಹೋಗುವುದು ಒಬ್ಬರೇ. ಒಂಬತ್ತು ವರ್ಷ ಆ ಒಬ್ಬ ಅವನೇ ಆಗಿದ್ದ. ಹತ್ತನೆಯ ಸಲವೂ ತಾನೇ ಎಂದು ಚಳ್ಳಕೆರೆಯ ಅರ್ಧ ಪೇಟೆಗೆ ಹೇಳಿಕೊಂಡು ತಿರುಗಿದ್ದ. ಅಷ್ಟರಲ್ಲಿ ಮೊಳಕಾಲ್ಮೂರು ಠಾಣೆಯ ಗಂಗಲಕ್ಷ್ಮಿ ಬಂದಳು. ದೊಡ್ಡಉಳ್ಳಾರ್ತಿಯ ಕುರಿಯವರ ಮಗಳು. ರೈಫಲ್ ಹಿಡಿದು ಎರಡು ವರ್ಷ ಆಗಿರಲಿಲ್ಲ, ಭಾನುವಾರದ ಅಭ್ಯಾಸದಲ್ಲಿ ಆಗಲೇ ಮೂರು ಸಲ ಅವನನ್ನು ಹಿಂದೆ ಹಾಕಿದ್ದಳು.

ಅದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ರೈಫಲ್ ಸಂಘದ ಗುರು, ನಿವೃತ್ತ ಹವಾಲ್ದಾರ್ ಜಂಬುಲಿಂಗಪ್ಪ, ದುರ್ಬೀನಿನಿಂದ ಕಣ್ಣು ತೆಗೆದು ಎಲ್ಲರೆದುರಿಗೇ ಹೇಳಿಬಿಟ್ಟರು:

"ಗಾಳಿ ಓದೋದು ಈ ಹುಡುಗಿಗೆ ಹುಟ್ಟಾ ಬಂದೈತೆ ಕಣಪ್ಪ."

ಒಂಬತ್ತು ವರ್ಷದಲ್ಲಿ ಆ ಮಾತು ತನಗೆ ಒಮ್ಮೆಯೂ ಬಂದಿರಲಿಲ್ಲ. ಆ ರಾತ್ರಿ ಮುರುಗೇಂದ್ರಪ್ಪ ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ.

ಆರುನೂರು ಗಜ ದೂರದ ಗುರಿಗೆ ಹೊಡೆಯುವವರಿಗೆ ಗಾಳಿಯದೇ ದೊಡ್ಡ ತಲೆನೋವು. ಅಭ್ಯಾಸ ನಡೆಯುವ ಹುಲ್ಲುಗಾವಲಿನ ಮೇಲೆ ಅಡ್ಡಕ್ಕೆ ಬೀಸುವ ಮೂಡಗಾಳಿ ಗುಂಡನ್ನು ಎರಡು ಮೊಳ ಎಡಕ್ಕೆ ತಳ್ಳಿಬಿಡುತ್ತದೆ. ಅಷ್ಟನ್ನೂ ಮೊದಲೇ ಅಂದಾಜು ಮಾಡಿ ಗುರಿ ನೋಡುವ ಸೈಟಿನ ತಿರುಪನ್ನು ಬಲಕ್ಕೆ ತಿರುಗಿಸಿಕೊಳ್ಳಬೇಕು. ಗಾಳಿ ತೋರಿಸಲೆಂದು ಈ ತುದಿಗೊಂದು, ಆ ತುದಿಗೊಂದು ಬಾವುಟ ಇದ್ದವು. ನಡುವೆ ಹಳ್ಳದ ತಗ್ಗು. ಅಲ್ಲಿ ಗಾಳಿ ತನ್ನಿಷ್ಟ ಬಂದಂತೆ ಬೀಸುತ್ತಿತ್ತು, ಬಾವುಟ ಮಾತ್ರ ಇರಲಿಲ್ಲ. ಇದ್ದದ್ದು ಸೊಂಟದೆತ್ತರದ ಹುಲ್ಲು.

ಮುಂದಿನ ಭಾನುವಾರ ಮುರುಗೇಂದ್ರಪ್ಪ ಗುರಿ ಬಿಟ್ಟು ಗಂಗಲಕ್ಷ್ಮಿಯ ಕಣ್ಣನ್ನೇ ಕದ್ದು ನೋಡಿದ. ಅವಳು ಬಾವುಟದ ಕಡೆ ಹೆಚ್ಚು ನೋಡುತ್ತಲೇ ಇರಲಿಲ್ಲ. ತಗ್ಗಿನ ಹುಲ್ಲು ಬಾಗಿದರೆ ಕಾಯುತ್ತಿದ್ದಳು, ಎದ್ದರೆ ಹೊಡೆಯುತ್ತಿದ್ದಳು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವಳನ್ನು ಹಿಡಿದಷ್ಟು ಖುಷಿಯಾಯಿತು ಅವನಿಗೆ.

ಪ್ರತಿ ವರ್ಷ ಜಿಲ್ಲೆಯ ಆಯ್ಕೆ ಸ್ಪರ್ಧೆಯ ಮುಂಚೆ ಆ ತಗ್ಗಿನಿಂದ ಕುರಿ ಅಟ್ಟುತ್ತಿದ್ದವನು ಇದೇ ಪುಣ್ಯಾತ್ಮ. ಈ ವರ್ಷ ಸ್ಪರ್ಧೆಗೆ ನಾಲ್ಕು ದಿನ ಇರುವಾಗ ತಾನೇ ಸ್ಕೂಟರ್ ಹತ್ತಿ ಕುರಿಗಾರ ಕ್ಯಾತಣ್ಣನನ್ನು ಹುಡುಕಿಕೊಂಡು ಹೋದ. ಹುಲ್ಲು ಒಣಗಿದೆ, ಬೆಂಕಿ ಬಿದ್ದೀತು, ತಗ್ಗಿನಲ್ಲಿ ಕುರಿ ಬಿಡು ಎಂದ. ಹೋದ ವರ್ಷ ಇದೇ ಸಾಹುಕಾರನಿಂದ ಬೈಸಿಕೊಂಡಿದ್ದ ಕ್ಯಾತಣ್ಣ ಅವನ ಮುಖವನ್ನು ಎರಡೆರಡು ಸಲ ನೋಡಿದ. ಎರಡೇ ದಿನದಲ್ಲಿ ತಗ್ಗು ಬೋಳಾಯಿತು. ಕುರಿಗಾರನಿಗೂ ನೆಂಟರಿಷ್ಟರು ಇರುತ್ತಾರೆ ಎಂಬುದು ಮುರುಗೇಂದ್ರಪ್ಪನ ತಲೆಗೆ ಹೊಳೆಯಲೇ ಇಲ್ಲ.

ಸ್ಪರ್ಧೆಯ ದಿನ ಹದಿನೈದು ಗುಂಡು. ಬಾವುಟ ನೋಡಿ, ತಿರುಪು ತಿರುಗಿಸಿ, ಮುರುಗೇಂದ್ರಪ್ಪ ನಿಶ್ಚಿಂತೆಯಿಂದ ಮೊದಲ ಗುಂಡು ಹಾರಿಸಿದ. ಅದು ದೂರ ಎಡಕ್ಕೆ ಹೋಯಿತು. ಇನ್ನಷ್ಟು ತಿರುಗಿಸಿದರೆ ಎರಡನೆಯದು ಬಲಕ್ಕೆ ಹಾರಿತು. ಬಾವುಟಗಳು ಇದ್ದ ಹಾಗೇ ಇದ್ದವು. ಪ್ರತಿ ಸಲ ಟ್ರಿಗರ್ ಒತ್ತುವ ಮುಂಚೆ ಅವನ ಕಣ್ಣು ಎಲ್ಲಿಗೋ ಹೋಗಿ, ಏನೋ ಸಿಗದೆ ವಾಪಸು ಬರುತ್ತಿತ್ತು. ಏನು ಕಳೆದಿದೆ ಎಂದು ಅವನಿಗೇ ತಿಳಿಯಲಿಲ್ಲ. ಪಕ್ಕದ ಚಾಪೆಯಲ್ಲಿ ಬೋರಲು ಮಲಗಿದ್ದ ಗಂಗಲಕ್ಷ್ಮಿ ಅವಸರವಿಲ್ಲದೆ ಕಾದು ಕಾದು ಹೊಡೆಯುತ್ತಿದ್ದಳು. ಕೊನೆಗೆ ಎಪ್ಪತ್ತೈದಕ್ಕೆ ಅವಳದು ಅರವತ್ತೆಂಟು, ಅವನದು ಐವತ್ತೊಂದು.

ಜಂಬುಲಿಂಗಪ್ಪನವರು ನೋಡುತ್ತಿದ್ದರಲ್ಲ, ಮುರುಗೇಂದ್ರಪ್ಪ ಅವಳಿಗೊಂದು ಶಹಬಾಸ್ ಹೇಳಲೇಬೇಕಾಯಿತು. ಹೇಳಿದವನು ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬಾರದೇ?

"ತಗ್ಗಿನಾಗೆ ಹುಲ್ಲೇ ಇರ್ಲಿಲ್ಲ. ಗಾಳಿ ಹೆಂಗೆ ಗೊತ್ತಾತು ನಿನಗೆ?"

"ಧೂಳು ನೋಡ್ದೆ ಸಾವ್ಕಾರ್ರೆ. ಕುರಿ ತುಳಿದ ನೆಲ, ಸಣ್ಣ ಗಾಳಿಗೂ ಏಳ್ತೈತೆ. ಕ್ಯಾತಣ್ಣ ನಮ್ಮ ಸೋದರಮಾವ. ನೀವೇ ಮೇಯಿಸಿದ್ರಂತೆ. ಸುದ್ದಿ ತಿಳಿದ ಮೇಲೆ ಎರಡು ದಿನ ಇಲ್ಲೇ ಕೂತು ಧೂಳು ನೋಡೋದು ಕಲ್ತೆ."

ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅವಳ ದನಿಯಲ್ಲಿ ಸಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟಿರಲಿಲ್ಲ.

"ಮೊದ್ಲು ಸಿಟ್ಟು ಬಂತು ಬಿಡ್ರಿ," ಎಂದಳು ಅವಳು. "ಆಮೇಲೆ, ಇವ್ರು ಹುಲ್ಲಿಗಿಂತ ಒಳ್ಳೇದೇನೋ ಕಂಡ್ಕೊಂಡಿರ್ಬೇಕು ಅನ್ಕೊಂಡೆ. ಹುಲ್ಲು ನೋಡೋದು ನಾನು ಕಲ್ತಿದ್ದೇ ನಿಮ್ಮಿಂದ ಅಲ್ವಾ. ಬಾವುಟ ನೋಡಿದ ಮೇಲೂ ಗುಂಡಿಗೊಂದು ಸಲ ನಿಮ್ಮ ಕಣ್ಣು ತಗ್ಗಿಗೆ ಹೋಗಿ ಬರ್ತಿತ್ತು. ಪಕ್ಕದಾಗೆ ಮಲಗಿ ಅದನ್ನೇ ನೋಡ್ತಿದ್ದೆ."

ರೈಫಲ್ ಹೆಗಲಿಗೇರಿಸಿಕೊಂಡು, ಮೆಲ್ಲಗೆ ಕೇಳಿದಳು:

"ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಬಿಡಮ್ಮ," ಎಂದ ಮುರುಗೇಂದ್ರಪ್ಪ.

ಬೋಳು ತಗ್ಗಿನ ಮೇಲೆ ಧೂಳು ಒಂದು ಚೂರು ಎದ್ದು ಪಡುವಣಕ್ಕೆ ಸರಿಯಿತು. ಅವನು ಅದನ್ನೇ ನೋಡುತ್ತ ನಿಂತ. ಗಂಗಲಕ್ಷ್ಮಿಯ ಮೇಲಿನ ಉರಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಈಗ ಅವನಿಗೆ ಹೊಟ್ಟೆಕಿಚ್ಚಾಗುತ್ತಿದ್ದದ್ದು ಹೋದ ವರ್ಷದ ಮುರುಗೇಂದ್ರಪ್ಪನ ಮೇಲೆ.