ಕ್ಯಾಪ್ಟನ್ನರದು ತಪ್ಪಿಲ್ಲ

"ಏಯ್ ಭದ್ರಿ, ಮೇಲಕ್ಕೇಳೇ! ಕ್ಯಾಪ್ಟನ್ ಕುರ್ಚಿ ಕಣೇ ಅದು. ಹೊಲಗೇರಿ ಮುಂಡೆ, ಆಕಾಸಕ್ಕೋದ್ರೂ ನೀನು ನೆಲ್ದಲ್ಲೇ ಕುಂತ್ಕಬೇಕು!"

ಭದ್ರಮ್ಮ ಎದ್ದು ನೆಲದ ಮೇಲೆ ಕೂತಳು. ಬೈದವನು ಲಿಂಗರಾಜು, ಕಟ್ಟೆಮಳಲವಾಡಿ ಕಡೆಯ ದೊಡ್ಡ ಹೊಗೆಸೊಪ್ಪಿನ ಕುಳ. ಈ ಸಲ ಅವನ ಹೊಲದಲ್ಲಿ ಸೊಪ್ಪಿನ ಬದಲು ಆಕಾಶನೌಕೆ ಎದ್ದಿತ್ತು. ಪ್ಲೈವುಡ್ಡು, ತಗಡು, ಥರ್ಮೋಕೋಲು, ಮೇಲೆ ಬೆಳ್ಳಿ ಬಣ್ಣ. ಬೆಂಗಳೂರಿನವರು ವೆಬ್ ಸೀರೀಸ್ ತೆಗೆಯುತ್ತಿದ್ದರು. ಇನ್ನೂರು ವರ್ಷ ಮುಂದಿನ ಕಥೆಯಂತೆ. ನೌಕೆಯ ಕೂಲಿಗಳಾಗಿ ನಿಲ್ಲಲು ಲಿಂಗರಾಜು ಕರೆತಂದ ಕಾಲೋನಿಯ ಜನರಿಗೇ ಬೆಳ್ಳಿ ಅಂಗಿ, ಹೆಲ್ಮೆಟ್ಟು ತೊಡಿಸಿದ್ದರು. ಇನ್ನೂರು ವರ್ಷವಾದ ಮೇಲೂ ಕೂಲಿ ಮಾಡುವವರು ಯಾರೆಂಬ ಬಗ್ಗೆ ಬೆಂಗಳೂರಿನವರಿಗೂ ಅನುಮಾನವಿರಲಿಲ್ಲ.

ಭದ್ರಮ್ಮನ ತಮ್ಮ ಕುಳ್ಳಯ್ಯನನ್ನು ಮಣ್ಣು ಮಾಡಿ ಇನ್ನೂ ಹಾಲುತುಪ್ಪ ಆಗಿರಲಿಲ್ಲ. ಮೊನ್ನೆ ಸಂಜೆ ಗಾಳಿಗೆ ನೌಕೆಯ ಮೂತಿಯ ತಗಡು ಎದ್ದು ಬಡಿದುಕೊಳ್ಳುತ್ತಿತ್ತು.

"ಏರ್ಲಾ ಕುಳ್ಳ. ಸೊಪ್ಪು ಬೇಯ್ಸೋ ಬ್ಯಾರನ್ ತುದೀಗೆ ಏರೋನ್ಗೆ ಇದ್ಯಾವ ಲೆಕ್ಕ?" ಅಂದಿದ್ದ ಲಿಂಗರಾಜು.

"ಒಂದು ಅಗ್ಗ ಕೊಡಿ ಬುದ್ಧಿ, ಸೊಂಟಕ್ಕೆ ಕಟ್ಕತೀನಿ."

"ಅಗ್ಗ ತರೋ ಒತ್ಗೆ ಬೆಳಕೋಯ್ತದೆ. ಏರ್ಲಾ ಸೂಳೆಮಗ್ನೆ!"

ಕುಳ್ಳಯ್ಯ ಏರಿದ. ತಗಡಿನ ಸಮೇತ ಕೆಳಗೆ ಬಂದ. "ಶೂಟಿಂಗ್ ನೋಡಾಕ್ ಬಂದಿದ್ದ, ಕುಡ್ದು ತಾನೇ ಏರ್ದ" ಎಂದು ಲಿಂಗರಾಜು ಪೊಲೀಸರಿಗೆ ಹೇಳಿಬಿಟ್ಟ. ಕಾಲೋನಿಯವರೆಲ್ಲ ಕಣ್ಣಾರೆ ಕಂಡಿದ್ದರು, ಆದರೆ ಯಾರೂ ಬಾಯಿ ಬಿಡಲಿಲ್ಲ. ಬ್ಯಾರನ್ ಕೆಲಸವೂ ಅವನದೇ, ಕಾಲೋನಿಗೆ ಹೋಗುವ ದಾರಿಯೂ ಅವನ ಹೊಲದ ಮೇಲೇ. ಭದ್ರಮ್ಮನೂ ಬಾಯಿ ಬಿಡಲಿಲ್ಲ. ಕೆಲಸಕ್ಕೆ ಬಾ ಎಂದು ಕರೆ ಬಂದಾಗ ಬಂದೂ ಬಿಟ್ಟಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಸತ್ತವನ ಮನೆ ಕಡೆ ಕಂಪನಿಯವರು ಯಾರೂ ತಲೆ ಹಾಕಲಿಲ್ಲ. ನೌಕೆಗೆ ಮಾತ್ರ ಪುರೋಹಿತರು ಬಂದರು. ಇಂಥವರು ಸತ್ತ ಜಾಗ, ಶುದ್ಧಿಯಾಗದೆ ಒಳಗೆ ಕಾಲಿಡುವಂತಿಲ್ಲ ಎಂದರು. ಸಿಬ್ಬಂದಿಯನ್ನೆಲ್ಲ ಆಚೆ ನಿಲ್ಲಿಸಿ, ಇನ್ನೂರು ವರ್ಷ ಮುಂದಿನ ಯಂತ್ರಗಳಿಗೆಲ್ಲ ಗಂಜಲ ಚಿಮುಕಿಸಿದರು. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು.

"ಕುಳ್ಳ ಸತ್ರೆ ಈ ತಗಡ್ಗೆ ಸೂತ್ಕ ಆಯ್ತದೆ, ಸಾಯ್ಸಿದೋನ್ಗೆ ಆಗಾಕಿಲ್ವಾ?" ಎಂದು ಮುದುಕ ಮಂಟಯ್ಯ ಗೊಣಗಿದ. ಹೆಲ್ಮೆಟ್ಟಿನೊಳಗಿನ ಮಾತು, ಹೊರಗೆ ಯಾರಿಗೂ ಕೇಳಲಿಲ್ಲ.

ಇವತ್ತಿನ ಸೀನು ವಿಚಾರಣೆಯದು. ನೌಕೆಯ ಕೂಲಿಯೊಬ್ಬ ಸತ್ತಿದ್ದಾನೆ. ಹಗ್ಗವಿಲ್ಲದೆ ಅವನನ್ನು ರಿಪೇರಿಗೆಂದು ಹೊರಗೆ ಕಳಿಸಿದ ಆರೋಪ ಕ್ಯಾಪ್ಟನ್ ಮೇಲೆ. ಆದರೆ ಕ್ಯಾಪ್ಟನ್ ಎಂದರೆ ಹೀರೋ, ಅವನ ತಪ್ಪು ಇರುವುದುಂಟೇ? ಹಾಗೆಂದು ಹೇಳಲು ಒಬ್ಬ ಸಾಕ್ಷಿ ಬೇಕಿತ್ತು. ಟೋಪಿ ಹಾಕಿದ ನಿರ್ದೇಶಕ ಸಾಲಾಗಿ ಮುಖ ನೋಡುತ್ತ ಬಂದವನು ಭದ್ರಮ್ಮನ ಮುಂದೆ ನಿಂತುಬಿಟ್ಟ.

"ಅಮ್ಮಾ, ಎಂಥ ರಿಯಲ್ ದುಃಖ ಇದೆ ನಿಮ್ಮ ಕಣ್ಣಲ್ಲಿ! ಸಾಕ್ಷಿ ನೀವೇ. ಕೈ ಮುಗಿದು ಹೇಳಿ, ಕ್ಯಾಪ್ಟನ್ನರದು ತಪ್ಪಿಲ್ಲ, ಅವನು ತಾನಾಗಿಯೇ ಹೊರಗೆ ಹೋದ. ಅಷ್ಟೇ."

ಅವಳು ಯಾರ ಅಕ್ಕ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಕ್ಯಾಮೆರಾ ಹಿಂದೆ ನಿಂತಿದ್ದ ಲಿಂಗರಾಜು ಕಿಸಕ್ಕನೆ ನಕ್ಕ. "ಆ ಮಾತ್ ಏಳೇ ಭದ್ರಿ. ನಿಂಗೆ ಕಲಿಸ್ಬೇಕಾ ಅದ್ನ?"

"ಆ್ಯಕ್ಷನ್!"

"ಸಾಕ್ಷಿ, ಆ ದಿನ ನಡೆದದ್ದೇನು?" ಜಡ್ಜಿನ ವೇಷದವನು ಕೇಳಿದ.

ಭದ್ರಮ್ಮನ ಮುಗಿದ ಕೈ ತಾನಾಗಿ ಕೆಳಗಿಳಿಯಿತು.

"ಅಗ್ಗ ಕೇಳ್ದ ಸ್ವಾಮಿ. ಅಗ್ಗ ಕೊಡಿ ಬುದ್ಧಿ ಅಂದ. ಬೆಳಕೋಯ್ತದೆ, ಏರ್ಲಾ ಸೂಳೆಮಗ್ನೆ ಅಂದ್ರು. ಕುಡ್ದಿರ್ಲಿಲ್ಲ ನನ್ ತಮ್ಮ, ಬೆಳಗ್ಗಿಂದ ನೀರೂ ಕುಡ್ದಿರ್ಲಿಲ್ಲ. ಕೊಂದೋನು ಈ ಬಣ್ಣ ಬಳ್ಕೊಂಡಿರೋ ಕ್ಯಾಪ್ಟನ್ ಅಲ್ಲ. ಅಗೋ, ಅಲ್ ನಿಂತವ್ನಲ್ಲ ಲಿಂಗರಾಜ, ಅವ್ನೇ!"

"ಕಟ್!" ನಿರ್ದೇಶಕ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕಂಪನಿಯವರೆಲ್ಲ ತಟ್ಟಿದರು. ಕ್ಯಾಪ್ಟನ್ನೂ ತಟ್ಟಿದ. "ಅದ್ಭುತ! ಎಂಥ ಪರ್ಫಾರ್ಮೆನ್ಸು! ಆದ್ರೆ ಡೈಲಾಗ್ ಉಲ್ಟಾ ಆಯ್ತಮ್ಮಾ. ಇದೇ ಫೀಲಲ್ಲಿ ತಪ್ಪಿಲ್ಲ ಅನ್ನಿ ಸಾಕು. ಒನ್ ಮೋರ್!"

ಮೇಕಪ್ಪಿನವನು ಅವಳ ಕಣ್ಣೀರು ಒರೆಸಲು ಬಂದ.

"ಏ, ಒರೆಸಬೇಡ. ಮುಂದಿನ ಟೇಕಿಗೂ ಬೇಕು, ಕಂಟಿನ್ಯೂಟಿ ಹೋಗುತ್ತೆ," ಎಂದ ನಿರ್ದೇಶಕ.

ಕ್ಯಾಮೆರಾ ಹಿಂದೆ ಚಪ್ಪಾಳೆ ತಟ್ಟದವನು ಲಿಂಗರಾಜು ಒಬ್ಬನೇ. "ಈ ಮುಂಡೆಗೆ ತಲೆ ಕೆಟ್ಟದೆ, ಆಚೆಗ್ ಎಳೀರ್ಲಾ" ಎಂದ. ಎಳೆಯಲು ಯಾರೂ ಬರಲಿಲ್ಲ. ಭದ್ರಮ್ಮ ತಾನೇ ಬಾಗಿಲ ಕಡೆ ನಡೆದಳು.

"ಎಲ್ಲಿಗಮ್ಮಾ? ಇನ್ನೊಂದು ಟೇಕ್ ಇದೆ!"

"ನೀವು ಎಷ್ಟ್ ಸಲ ಕೇಳುದ್ರೂ ನಾಟ್ಕಾನೇ ಸ್ವಾಮಿ. ಕಂಪ್ಲೇಂಟು ಬರ್ಕೊಳೋರ್ ತಾವ್ಕೆ ಓಯ್ತೀನಿ."

ಅವಳ ಹಿಂದೆ ಮಂಟಯ್ಯ ಎದ್ದ. ಆಮೇಲೆ ಹೆಂಗಸರು, ಆಮೇಲೆ ಉಳಿದವರು. "ನಾಳೆ ದಾರಿಗೆ ಬೇಲಿ ಆಕಿಸ್ತೀನಿ ಕಣ್ರಲಾ!" ಎಂದು ಲಿಂಗರಾಜು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಅವರಿಗೆ ಹೆದರಿಕೆ ಇಲ್ಲದೇ ಇರಲಿಲ್ಲ, ಆದರೂ ನಡೆದರು.

ಹುಣಸೂರಿನ ರಸ್ತೆಯಲ್ಲಿ ಬಸ್ಸುಗಳು ನಿಧಾನ ಮಾಡಿದವು. ಕಿಟಕಿಗಳಿಂದ ಮೊಬೈಲುಗಳು ಹೊರಬಂದವು. "ಯಾವ್ ಪಿಚ್ಚರ್ರಮ್ಮೋ?" ಎಂದು ಯಾರೋ ಕೂಗಿ ಕೇಳಿದರು. ಬೆಳ್ಳಿ ಅಂಗಿಗಳ ಸಾಲು ಠಾಣೆಯ ಕಡೆ ನಡೆಯುತ್ತಲೇ ಇತ್ತು.

ಠಾಣೆಯ ಬಾಗಿಲಲ್ಲಿದ್ದ ಪೇದೆ ನಗು ತಡೆದುಕೊಂಡು ಅಡ್ಡ ಬಂದ. "ಇಲ್ಲೆಲ್ಲ ಶೂಟಿಂಗ್ ಮಾಡಂಗಿಲ್ಲ. ಯಾರ್ರೀ ನೀವೆಲ್ಲ?"

"ಶೂಟಿಂಗ್ ಅಲ್ಲ ಸ್ವಾಮಿ," ಎಂದಳು ಭದ್ರಮ್ಮ. "ಸತ್ತೋನು ನನ್ ತಮ್ಮ. ಇವ್ರೆಲ್ಲ ಕಣ್ಣಾರೆ ಕಂಡೋರು."

ಅವಳ ಹಿಂದೆ ಒಬ್ಬೊಬ್ಬರಾಗಿ ಹೆಲ್ಮೆಟ್ ತೆಗೆಯತೊಡಗಿದರು.