ಕರೆಂಟು ಹೋದಾಗ ಬರುವ ಕಾಯಿಲೆ

ನಮ್ಮ ಮನೆಯಲ್ಲಿ ನಡುಗದ ವಸ್ತುವೇ ಇರಲಿಲ್ಲ. ನಡುಮನೆಯಲ್ಲಿ ಎರಡು ಪವರ್‌ಲೂಮು ಓಡುತ್ತಿದ್ದರೆ ಅಡುಗೆಮನೆಯ ಲೋಟ, ಗೋಡೆಯ ದೇವರ ಪಟ, ನನ್ನ ಕಿವಿಯ ಓಲೆ ಎಲ್ಲವೂ ಅದುರುತ್ತಿದ್ದವು. ಅಂಥ ಮನೆಯಲ್ಲಿ ನಮ್ಮ ಯಜಮಾನರು ರಾಮಾಂಜಿನಪ್ಪನವರ ಬಲಗೈ ಯಾವತ್ತು ನಡುಗಲು ಶುರುವಾಯಿತೋ ಯಾರು ಕಂಡರು? ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಕೈ ನಡುಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ಗೊತ್ತಾದದ್ದು ಎಪ್ಪತ್ತಮೂರರ ಬೇಸಿಗೆಯಲ್ಲಿ, ದಿನಾ ಕರೆಂಟು ಹೋಗತೊಡಗಿದಾಗ. ಮಗ್ಗ ನಿಂತಿತು, ಲೋಟ ನಿಂತಿತು, ಪಟ ನಿಂತಿತು. ತೊಡೆಯ ಮೇಲೆ ಸುಮ್ಮನೆ ಇಟ್ಟಿದ್ದ ಇವರ ಕೈ ಮಾತ್ರ ನಿಲ್ಲಲಿಲ್ಲ. ಕರೆಂಟು ಬಂದಾಗ ಯಾವುದು ಕೈಯ ನಡುಕ, ಯಾವುದು ಮನೆಯ ನಡುಕ ಎಂದು ತಿಳಿಯುವಂತೆಯೇ ಇರಲಿಲ್ಲ. ನನಗೆ ಖಾತ್ರಿಯಾಯಿತು, ಇದು ಕರೆಂಟು ಹೋದಾಗ ಬರುವ ಕಾಯಿಲೆ.

ನಮ್ಮ ಭಾವ ದೊಡ್ಡವೆಂಕಟಪ್ಪ ಒಪ್ಪಲಿಲ್ಲ. ಮಗ್ಗ ಕೂರಿಸಲು ನೆಲ ಅಗೆದಾಗ ಹಾವಿನ ಮರಿಯೊಂದು ಸತ್ತಿತ್ತಂತೆ, ಅದರ ಶಾಪವಂತೆ. ಘಾಟಿಯ ನಾಗದೇವರ ಗುಡಿಗೆ ಹೋಗಿ ಹರಕೆ ತೀರಿಸಿ ಬಂದೆವು. ಕೈ ಹೋಗುವಾಗ ಹೇಗಿತ್ತೋ ಬರುವಾಗಲೂ ಹಾಗೇ ಇತ್ತು. ಅತ್ತೆ ಪಿಳ್ಳಮ್ಮ ಬದನೆಕಾಯಿಯ ಮೇಲೆ ಗೂಬೆ ಕೂರಿಸಿದರು. ನಾಲ್ಕು ತಿಂಗಳು ಮನೆಗೆ ಬದನೆಕಾಯಿ ಬರಲಿಲ್ಲ. ಇವರಿಗೆ ಮೊದಲಿಂದಲೂ ಬದನೆಕಾಯಿ ಸೇರದು, ಬಾಯಿ ಕಟ್ಟಿದ್ದು ನನ್ನದು.

ಕೊನೆಗೆ ಬೆಂಗಳೂರಿನ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಮೆದುಳಿನೊಳಗೆ ಏನೋ ಸ್ವಲ್ಪ ಸ್ವಲ್ಪವೇ ಸವೆಯುತ್ತಿದೆ ಎಂದರು.

"ಯಾಕೆ ಸವೀತದೆ ಸ್ವಾಮಿ?" ಎಂದೆ.

"ಅದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲಮ್ಮ."

ಅಷ್ಟು ಓದಿದವರು ಬಾಯಿ ಬಿಟ್ಟು ಹಾಗನ್ನುವುದೇ! ನಮ್ಮ ಬೀದಿಯಲ್ಲಿ ಕಾರಣ ಗೊತ್ತಿಲ್ಲದ ಒಬ್ಬ ಮನುಷ್ಯನೂ ಇರಲಿಲ್ಲ.

ಮರುವರ್ಷ ಮಗಳು ಬನಶಂಕರಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂತು. ಹುಡುಗನ ತಂದೆ ಆದಿನಾರಾಯಣಪ್ಪ, ತಾಯಿ ಮುನಿರತ್ನಮ್ಮ. ಅವರದೂ ಮಗ್ಗದ ಮನೆಯೇ. ನನ್ನ ಜೀವ ಬಾಯಿಗೆ ಬಂತು. ವಂಶದ ಕಾಯಿಲೆ ಎಂದು ಒಬ್ಬರು ಅಂದರೆ ಸಾಕು, ಮಗಳು ಮನೆಯಲ್ಲೇ ಉಳಿಯುತ್ತಾಳೆ.

"ಅವರು ಬಂದಾಗ ಎರಡು ಮಗ್ಗಾನೂ ಓಡ್ತಾ ಇರ್ಲಿ. ಯಾವ್ದೂ ಕಾಣಲ್ಲ," ಎಂದೆ.

"ಸುಳ್ಳು ಹೇಳಿ ಹೆಣ್ಣು ಕೊಡೋದಾ?" ಎಂದರು ಇವರು.

"ಯಾರು ಸುಳ್ಳು ಹೇಳ್ತಾರೆ? ಮಗ್ಗ ಓಡಿಸ್ತೀವಿ, ಅಷ್ಟೇ."

ಬೀಗರಾಗುವವರು ಬಂದರು. ಮಗ್ಗಗಳು ಧಡಧಡ ಎನ್ನುತ್ತಿದ್ದವು. ಎಲ್ಲರೂ ಗಂಟಲು ಹರಿಯುವಂತೆ ಕೂಗಿ ಮಾತಾಡಿದೆವು. ಆದಿನಾರಾಯಣಪ್ಪ ಎಲ್ಲದಕ್ಕೂ ನಗುತ್ತಾ ತಲೆಯಾಡಿಸುತ್ತಿದ್ದರು. ಎಂಥ ಸಾಧು ಮನುಷ್ಯ ಎಂದುಕೊಂಡೆ. ಭಾವ ಮಗ್ಗ ನಿಲ್ಲಿಸಲೇ ಎಂದು ಉಪಚಾರಕ್ಕೆ ಕೇಳಿದರೆ ಮುನಿರತ್ನಮ್ಮನೇ ಗಾಬರಿಯಿಂದ, "ಬೇಡಿ, ಬೇಡಿ, ಓಡ್ಲಿ! ನಮಗೆ ಅಭ್ಯಾಸ!" ಎಂದರು.

ಬನಶಂಕರಿ ಉಪ್ಪಿಟ್ಟಿನ ತಟ್ಟೆ ಇಡುತ್ತಿದ್ದಳು. ಕರೆಂಟು ಹೋಯಿತು.

ಮಗ್ಗ ನಿಂತಿತು, ಲೋಟ ನಿಂತಿತು. ತೊಡೆಯ ಮೇಲಿನ ಕೈ ನಡುಗುತ್ತಲೇ ಇತ್ತು. ಮುನಿರತ್ನಮ್ಮನ ಕಣ್ಣು ಅಲ್ಲಿಗೇ ಹೋಯಿತು.

"ಚಳಿ," ಎಂದರು ಭಾವ. ಅದು ಏಪ್ರಿಲ್ ತಿಂಗಳು.

"ಬದನೆಕಾಯಿ," ಎಂದರು ಅತ್ತೆ.

"ಕರೆಂಟು ಬಂದ್ರೆ ಸರಿಹೋಗುತ್ತೆ," ಎಂದೆ ನಾನು.

ಇವರು ಕೈಯನ್ನು ಬಚ್ಚಿಡಲಿಲ್ಲ. "ಯಾವ್ದೂ ಅಲ್ಲಮ್ಮ. ಒಳಗೆ ಏನೋ ಸವೀತಾ ಐತಂತೆ. ಯಾಕೆ ಅಂತ ಡಾಕ್ಟ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುಂದಕ್ಕೆ ಜಾಸ್ತಿ ಆಗುತ್ತಂತೆ. ತಿಳ್ಕೊಂಡು ಹೆಣ್ಣು ತಗೊಳ್ಳಿ."

ಸಂಬಂಧ ಮುರಿದೇಹೋಯಿತು ಎಂದುಕೊಂಡೆ. ಆಗ ಆದಿನಾರಾಯಣಪ್ಪ ಹೆಂಡತಿಯ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವರಂತೆ ಬಾಯಿಗೆ ಕೈ ಅಡ್ಡ ಹಿಡಿದು, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಹೆಣ್ಣಿನ ಅಪ್ಪನ ಕೈ ನಡುಗ್ತೈತೆ ಕಣೇ! ಇರ್ಲಿ ಬಿಡು! ನಂಗೆ ಕಿವಿ ಕೇಳಲ್ಲ ಅಂತ ಮಾತ್ರ ಬಾಯಿ ಬಿಡಬ್ಯಾಡ!"

ಮುನಿರತ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೊದಲು ನಕ್ಕಿದ್ದು ನಮ್ಮ ಯಜಮಾನರು. ಎಷ್ಟೋ ತಿಂಗಳಿಂದ ಕೇಳದ ನಗು ಅದು. ಆಮೇಲೆ ಮನೆಯೆಲ್ಲ ನಕ್ಕಿತು. ಏನೂ ಕೇಳಿಸದ ಆದಿನಾರಾಯಣಪ್ಪನೂ ಎಲ್ಲರ ಜೊತೆ ನಕ್ಕರು.

"ಇವರ ಕಿವಿ ಯಾತಕ್ಕೆ ಹಿಂಗಾಯ್ತು?" ಎಂದು ಕೇಳಿದರು ಅತ್ತೆ.

"ಮಗ್ಗದ ಸದ್ದು ಅಂತಾರೆ, ವಯಸ್ಸು ಅಂತಾರೆ," ಎಂದು ಕಣ್ಣೊರೆಸಿಕೊಂಡರು ಮುನಿರತ್ನಮ್ಮ. "ನಮ್ಮತ್ತೆ ಮಾತ್ರ ನನ್ನ ಬಾಯಿ ಅಂತಾರೆ. ತಾಂಬೂಲ ಬದಲಾಯಿಸೋಣ ಬನ್ನಿ."

ತಾಂಬೂಲದ ತಟ್ಟೆ ಕೈಯಿಂದ ಕೈಗೆ ಹೋಗುವಾಗ ಕರೆಂಟು ಬಂತು. ಮಗ್ಗ ಓಡಿತು. ಲೋಟ, ಪಟ, ಓಲೆ ಎಲ್ಲವೂ ಅದುರಿದವು. ಕರೆಂಟು ಬಂದರೂ ಇವರ ಕೈ ಸರಿಹೋಗಿರಲಿಲ್ಲ. ಅಷ್ಟು ನಡುಕದ ನಡುವೆ ಅದೊಂದು ನಡುಕ ಬೇರೆಯಾಗಿ ನನ್ನ ಕಣ್ಣಿಗೆ ಹೊಡೆಯಿತು.

ಬೀಗರೆದುರು ನಾಚಿಕೆಯಾಯಿತು. ಆದರೂ ಹೋಗಿ ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡೆ. ಅದು ನಿಲ್ಲಲಿಲ್ಲ. ನಾನೂ ಬಿಡಲಿಲ್ಲ.